ಗೇಟಿನ ತನಕ ಅಪ್ಪಾಜಿ

ಗೆಳೆಯಾ ಅಮರೇಶಾ,

ಕ್ಷೇಮವೇ ಎಂದು ಕೇಳಿದರೆ ನಗುತ್ತಿ, ನಾವೆಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಅದಕ್ಕೇ ಎರಡನ್ನೂ ಬಿಟ್ಟು ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳು ಸಹನಾ ನಮ್ಮ ಸಾಲಿ ಬಿಡುತ್ತೇನೆ ಅಂತ ಕುಂತಿದ್ದಾಳೆ. ಮಸ್ಕಿಯಿಂದ ಟಿ.ಸಿ. ತೆಗೆಸಿಕೊಂಡು ಗುರುಗುಂಟಾದ ಸೋದರಮಾವನ ಮನೆಯಲ್ಲಿ ಇರುತ್ತಾಳಂತೆ. ಒಂಬತ್ತನೇ ತರಗತಿ ಮುಗಿಯುತ್ತ ಬಂದಿದೆ, ಪರೀಕ್ಷೆ ಬಾಗಿಲಲ್ಲಿದೆ. ಯಾಕವ್ವ ಅಂದರೆ ಮೊನ್ನೆಯ ತನಕ ಗೋಡೆ ನೋಡುತ್ತಿದ್ದಳು. ತಡೆಯಬೇಕಾದವನು ನೀನು. ನೀನೋ ದಸರಾ ರಜೆಯಲ್ಲಿ, ಚಹಾದ ಕಪ್ಪು ಕೆಳಗಿಡುವಷ್ಟೂ ಪುರಸೊತ್ತಿಲ್ಲದೆ, ಎದೆ ಹಿಡಿದುಕೊಂಡು… ಹೆಸರು ಅಮರೇಶ, ಮಾಡಿದ್ದು ಮೋಸ. ಪ್ರಾಸ ಬಂತು ನೋಡು. ಇಂಥ ಹೊತ್ತಿನಲ್ಲೂ ಬರುತ್ತದೆ, ಹಾಳಾದ್ದು.

ನೆನಪಿದೆಯಾ, ಸಿಂಧನೂರಿನ ಕಾಲೇಜಿನ ಮೊದಲ ವರ್ಷ? ನಾನು ದಢೇಸುಗೂರಿನ ಕಾಲುವೆ ದಂಡೆಯವನು, ನೀನು ಗುರುಗುಂಟಾದ ಒಣ ಹೊಲದವನು. "ನಿಮ್ಮೂರಾಗ ನೀರು ಬಿಟ್ರ ಏನೈತಿ?" ಅಂತ ನೀನು, "ನಿಮ್ಮೂರಾಗ ನೀರ ಇಲ್ಲಲ್ಲಲೇ" ಅಂತ ನಾನು. ಅದೊಂದು ಜಗಳ ಬಿಟ್ಟರೆ ಇಬ್ಬರದೂ ಒಂದೇ ಕನ್ನಡ ಮಾಧ್ಯಮ, ಒಂದೇ ಇಂಗ್ಲಿಷಿನ ಅಂಜಿಕೆ. ಮನೆಯವರ ಬಗ್ಗೆ ಬರೆಯಿರಿ ಅಂದಾಗ ನೀನು ಬರೆದಿದ್ದಿ: ‘ಫಾದರ್ ಈಸ್ ಫಾರ್ಮರ್. ಫಾದರ್ ಹ್ಯಾಸ್ ಬುಲಕ್.’ ಇಂಗ್ಲಿಷ್ ಮಾಸ್ತರು ಅದನ್ನು ಎಲ್ಲರ ಮುಂದೆ ಓದಿ, "ಯಾರ ಅಪ್ಪ? ಯಾವ ಎತ್ತು?" ಅಂತ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನದನ್ನು ಇನ್ನೂ ಓದಿರಲಿಲ್ಲ. ಹೊರಗೆ ಬಂದು ನೀನು ಒಂದು ಕಲ್ಲು ಒದ್ದಿ.

"ಅಪ್ಪ ಹೊಲಕ್ಕ ಹೋಗ್ಯಾನ ಅಂದ್ರ, ಯಾರಪ್ಪ ಅಂತ ನಮ್ಮ ಕಡೆ ಯಾರರ ಕೇಳ್ತಾರೇನಲೇ? ಹೇಳಾವನ ಅಪ್ಪ. ಮತ್ಯಾರಪ್ಪ ಹೋಗ್ತಾನ?"

ಅದೇ ಚಳಿಗಾಲದಲ್ಲಿ ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮೂರ ಬಸ್ಸಿಗೆ ಕಾಯುತ್ತ ಕುಂತಿದ್ದೆವು. ನೀನು ಬಹಳ ಹೊತ್ತು ಮಂದಿಯ ತಲೆ ನೋಡುತ್ತಿದ್ದಿ. ಟೋಪಿ, ರುಮಾಲು, ಸೆರಗು, ಒಬ್ಬಾಕೆಯ ಕಂಕುಳಲ್ಲಿದ್ದ ಕೂಸಿಗೆ ಬೆನ್ನಿನ ತನಕ ಇಳಿದ ಕುಂಚಿಗಿ.

"ಲೇ ಕವಿ, ಬರೇ ತಲೀಲಿ ಯಾರರ ಅದಾರೇನು ನೋಡು."

"ನಾವಿಬ್ಬರೂ ಅದೀವಲ್ಲ."

"ನಾವು ಲೆಕ್ಕಕ್ಕಿಲ್ಲ ಬಿಡು. ಇಂಗ್ಲಿಷಿನ ನಾಮಪದ ಅಂದ್ರ ಹಿಂಗ. ಬರೇ ತಲೀಲಿ ಹೊರಗ ಬರಂಗಿಲ್ಲ. ಗುರುತಿಲ್ಲದವಗ ‘ಎ’ ಅನ್ನೋ ಟೋಪಿ. ಗುರುತು ಹತ್ತಿದ ಮ್ಯಾಲೆ ‘ದಿ’ ಅನ್ನೋ ರುಮಾಲು. ನಮ್ಮದು ಅಂತ ಆದ್ರ ‘ಮೈ’, ತಾಯಿ ಹೊಲಿದು ಕಟ್ಟಿದ ಕುಂಚಿಗಿ."

ಬಸ್ಸು ಬರುವುದರೊಳಗೆ ನಾನು ಅದಕ್ಕೆ ಪ್ರಾಸ ಕಟ್ಟಿದ್ದೆ.

ಗುರುತಿಲ್ಲದವ ಬಂದ್ರ ‘ಎ’ ಟೋಪಿ,
ಗುರುತಿದ್ದವ ಬಂದ್ರ ‘ದಿ’ ರುಮಾಲು;
ಮನೀ ಕೂಸಿಗೆ ‘ಮೈ’ ಕುಂಚಿಗಿ,
ಬರೇ ತಲೀಲಿ ಬಂದ್ರ ಮಾರ್ಕಿಗೆ ಸೋಲು.

ಮುಂದೆ ನೀನು ಇಂಗ್ಲಿಷ್ ಮಾಸ್ತರನಾಗಿ, ನಾನು ಕನ್ನಡ ಮಾಸ್ತರನಾಗಿ ಮಸ್ಕಿಯ ಒಂದೇ ಸಾಲಿಗೆ ಬಂದು ಬಿದ್ದಾಗ, ಈ ಪದ್ಯ ಪ್ರತಿ ವರ್ಷ ನಿನ್ನ ಖೋಲಿಯ ಗೋಡೆ ದಾಟಿ ನನ್ನ ಖೋಲಿಗೆ ಕೇಳುತ್ತಿತ್ತು. ಬರೆದವರು ಯಾರು ಸರ್ ಅಂತ ಮಕ್ಕಳು ಕೇಳಿದರೆ "ಕವಿ ಅಜ್ಞಾತ" ಅನ್ನುತ್ತಿದ್ದಿಯಂತೆ. ಪಕ್ಕದ ಖೋಲಿಯಲ್ಲೇ ಇದ್ದು ಅಜ್ಞಾತನಾಗುವುದು ಸಣ್ಣ ಸಾಧನೆಯಲ್ಲ.

ಒಮ್ಮೆ ನಿನ್ನ ಕ್ಲಾಸಿನ ಹೊರಗೆ ನಿಂತು ಕೇಳಿದ್ದು ಈಗಲೂ ಕಿವಿಯಲ್ಲಿದೆ. ಮಕ್ಕಳು ನಿನ್ನನ್ನು ಬಿಡುತ್ತಿರಲಿಲ್ಲ. "ಸರ್, ಮಸ್ಕಿಗೆ ಯಾಕ ಟೋಪಿ ಇಲ್ರಿ?" "ಹೆಸರು ಹಿಡಿದ ಮ್ಯಾಲೆ ಮತ್ತ ಗುರುತು ಯಾಕಲೇ?" "ತುಂಗಭದ್ರಾಕ್ಕ ಐತಲ್ರಿ?" "ಅದು ದೊಡ್ಡ ಹೊಳಿ. ರುಮಾಲು ಬೇಕಂತ ಹಟ ಹಿಡದೈತಿ." "ಭತ್ತಕ್ಕ, ನೀರಿಗೆ?" "ರಾಶಿ ಬಿದ್ದಿದ್ದಕ್ಕ, ಹರಿಯೋದಕ್ಕ ಟೋಪಿ ಎಲ್ಲಿ ನಿಲ್ಲತೈತಿ? ಈ ಚೀಲದಾಗಿನ ಭತ್ತ ಅಂತ ಬಟ್ಟು ಮಾಡಿ ತೋರಿಸು, ಆವಾಗ ಸುತ್ತು ರುಮಾಲು." ಯಾರೋ ‘ದಿ ಮೈ ಬುಕ್’ ಅಂತ ಬರೆದಿದ್ದಕ್ಕೆ ನನ್ನ ಇನ್ನೊಂದು ಪದ್ಯ ಹಾಡಿಸಿದಿ: ‘ಒಂದ ತಲಿಗೆ ಒಂದ ಟೋಪಿ, ಎರಡು ಇಟ್ಟವ ಮಹಾಪಾಪಿ.’ ಅಷ್ಟಕ್ಕೆ ಪಾಪಿ ಯಾಕಲೇ ಅಂತ ನೀನು ಸ್ಟಾಫ್ ರೂಮಿನಲ್ಲಿ ಕೇಳಿದ್ದಿ. ಬೇರೆ ಪ್ರಾಸ ಸಿಗಲಿಲ್ಲ ಅಂದಿದ್ದೆ.

ಆವತ್ತೇ ಹಿಂದಿನ ಬೆಂಚಿನಿಂದ ಒಂದು ದನಿ ಬಂತು, "ಸರ್, ಮನ್ಯಾಗ ಅಪ್ಪ, ಅವ್ವ ಅಂತ ಕರೀತೀವಲ್ರಿ, ಅದಕ್ಕ?" ನೀನು ಸುಣ್ಣದ ಕಡ್ಡಿ ಕೆಳಗಿಟ್ಟು ಹೇಳಿದಿ, "ಕರಿಯೋ ಮಾತಿಗೆ ಏನೂ ಬ್ಯಾಡಪ. ಕರದ್ರ ಸಾಕು, ಓ ಅಂತಾರ."

ಬೆಳಗಿನ ಬಸ್ಸಿನಲ್ಲಿ ಮೂರು ಮಂದಿಯ ಸೀಟು ನಮ್ಮದೇ ಇರುತ್ತಿತ್ತು. ಕಿಟಕಿಗೆ ಸಹನಾ, ನಡುವೆ ನೀನು, ಹೊರಗೆ ಅರ್ಧ ಜೋತಾಡುತ್ತ ನಾನು. ಸಿಂಧನೂರು ಬಿಟ್ಟಾಗಿನಿಂದ ಮಸ್ಕಿ ಬರುವ ತನಕ ಅವಳ ಬಾಯಿಗೆ ಬಿಡುವಿರಲಿಲ್ಲ. ಅಪ್ಪಾಜಿ ಅದೇನು, ಅಪ್ಪಾಜಿ ಇದ್ಯಾಕ, ಅಪ್ಪಾಜಿ ಕಾಕಾನ ಪ್ಯಾಂಟು ನೋಡ್ರಿ ಎಷ್ಟು ಗಿಡ್ಡ ಆಗ್ಯಾದ. ಸಾಲಿಯ ಗೇಟು ಬಂದರೆ ಎಲ್ಲ ಬಂದ್. ನಮ್ಮ ಕಡೆಯ ಮಾಸ್ತರ ಮಕ್ಕಳಿಗೆ ಇದೇನು ಹೊಸದಲ್ಲ. ಗೇಟಿನ ತನಕ ಅಪ್ಪಾಜಿ, ದಾಟಿದ ಮ್ಯಾಲೆ ಸರ್ ಜೀ. ನಾನೂ ಕಾಕಾ ಇದ್ದವನು ಸರ್ ಆಗುತ್ತಿದ್ದೆ. "ಉಳಿದ ಮಕ್ಕಳಿಗೆ ಎರಡು ಬಗೀ ಅನಸಬಾರದು" ಅಂತ ನೀನು ಹೇಳುತ್ತಿದ್ದಿ. ಸರಿಯೇ. ನಿನ್ನ ಕ್ಲಾಸಿನಲ್ಲಿ ಅವಳಿಗೆ ಒಂದೇ ಸವಲತ್ತು ಇತ್ತು. ನೀನು ದಿನಕ್ಕೊಂದು ವಾಕ್ಯ ಬೇಕಂತಲೇ ತಪ್ಪು ಬರೆಯುತ್ತಿದ್ದಿ, ಎಲ್ಲರಿಗಿಂತ ಮೊದಲು ಅವಳ ಕೈ ಮೇಲೇಳುತ್ತಿತ್ತು. "ಸರ್, ತಪ್ಪೈತ್ರಿ!" ಆ ದನಿಯಲ್ಲಿ ಒಂದು ಮಜಾ ಇರುತ್ತಿತ್ತು. ಮನೆಯಲ್ಲಿ ಅಪ್ಪನನ್ನು ತಿದ್ದಲು ಯಾವ ಮಗಳಿಗೆ ಸಿಗುತ್ತದೆ ಹೇಳು?

ರಜೆ ಮುಗಿದು ಸಾಲಿ ತೆರೆದ ದಿನ ನಿನಗೆ ಶ್ರದ್ಧಾಂಜಲಿ ಸಭೆ ಮಾಡಿದೆವು. ನಿನ್ನ ಫೋಟೋಕ್ಕೆ ವಿಭೂತಿ ಹಚ್ಚಿದ್ದು ನಾನೇ. ಒಂದು ಗೆರೆ ಸೊಟ್ಟಾಯಿತು, ಕ್ಷಮೆ ಇರಲಿ. ಮಕ್ಕಳು ಒಬ್ಬೊಬ್ಬರೇ ಬಂದು "ನಮ್ಮ ಸರ್" ಅಂದರು, ಅತ್ತರು, ಹೋದರು. ಕೊನೆಗೆ ಹೆಡ್ ಮಾಸ್ತರು ಸಹನಾಳನ್ನು ಕರೆದರು. ಅವಳು ಎದ್ದು ನಿಂತು, ಕೈ ಕಟ್ಟಿಕೊಂಡು, "ನಮ್ಮ ಸರ್ ಭಾಳ ಚೊಲೋ ಪಾಠ ಮಾಡ್ತಿದ್ರು" ಅಂದಳು. ಅಷ್ಟೇ. ಹೋಗಿ ತನ್ನ ಜಾಗದಲ್ಲಿ ಕುಂತಳು. ಅಳಲಿಲ್ಲ. ಎಲ್ಲರೂ "ಎಂಥಾ ಧೈರ್ಯ ನೋಡ್ರಿ" ಅಂದರು. ನಾನೂ ಹಾಗೇ ತಿಳಿದೆ, ಅಮರೇಶಾ. ಆ ಹುಡುಗಿ ಗೇಟಿನ ಒಳಗಿದ್ದಳು ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮರುದಿನ ನಿನ್ನ ಪಿರಿಯಡ್ಡು ನನ್ನ ಕೊರಳಿಗೆ ಬಿತ್ತು. "ಹೊಸಬ್ರು ಬರೋತನಕ ಇಂಗ್ಲಿಷು ನೀವ ನೋಡ್ಕೊಳ್ರಿ" ಅಂದರು ಹೆಡ್ ಮಾಸ್ತರು. "ನನಗ ಇಂಗ್ಲಿಷು ಬರಂಗಿಲ್ರಿ." "ಅವರ ಜತಿ ಇಷ್ಟು ವರ್ಷ ಬಸ್ಸಿನ್ಯಾಗ ಅಡ್ಡಾಡೀರಲ್ರಿ, ಒಂದೀಟು ಹತ್ತಿರತೈತಿ." ನಿನ್ನ ಹತ್ತಿರ ಕುಂತದ್ದೇ ನನ್ನ ಅರ್ಹತೆ. ಇಂಗ್ಲಿಷು ಹತ್ತಿರಲಿಲ್ಲ, ನಿನ್ನ ತಲೆಯ ಎಣ್ಣೆಯ ವಾಸನೆ ಮಾತ್ರ ಹತ್ತಿತ್ತು.

ಮೊದಲ ದಿನ ಒಳಗೆ ಹೋದಾಗ ಸಹನಾ ತಲೆ ತಗ್ಗಿಸಿದ್ದಳು. ಹಾಜರಿಗೆ ಬಿಟ್ಟರೆ ಬಾಯಿ ತೆರೆಯಲಿಲ್ಲ. ವಾರ ಕಳೆದರೂ ಅದೇ. ನಿನ್ನ ಉಪಾಯ ನೆನಪಾಯಿತು. ಬೇಕಂತಲೇ ತಪ್ಪು ಬರೆಯತೊಡಗಿದೆ. ‘ದಿ ಮೈ ವೈಫ್ ಈಸ್ ಗುಡ್ ಕುಕ್’ ಅಂತ ಬರೆದರೆ ಇಡೀ ಕ್ಲಾಸು ಮಹಾಪಾಪಿ, ಮಹಾಪಾಪಿ ಅಂತ ಕುಣಿಯಿತು. ಅವಳು ಮಾತ್ರ ಕಿಟಕಿಯ ಆಚೆ ನೋಡಿದಳು. ‘ದಿ ಮಸ್ಕಿ ಈಸ್ ಎ ಮೈ ಟೌನ್’ ಅಂದೆ. ತಲೆ ಎತ್ತಲಿಲ್ಲ. ದಿನಾ ತಪ್ಪು ದೊಡ್ಡದು ಮಾಡುತ್ತ ಹೋದೆ. ಆಮೇಲೆ ಏನಾಯಿತು ಗೊತ್ತಾ? ಬೇಕಂತ ಮಾಡಿದ ತಪ್ಪಿನ ನಡುವೆ ಬರಲಾರದೆ ಮಾಡಿದ ತಪ್ಪೂ ಬಂದು ಸೇರಿಕೊಂಡವು. ಯಾವುದು ಯಾವುದು ಅಂತ ಗುರುತಿಲ್ಲ. ಎಲ್ಲಕ್ಕೂ ‘ಎ’ ಟೋಪಿ. ‘ಐ ಗೋ ಟು ಸ್ಕೂಲ್’ ಅನ್ನುವುದಕ್ಕೆ ನಾನೇ ರುಮಾಲು ಸುತ್ತಿ ತಿದ್ದಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಎದ್ದಳು.

"ಸರ್, ಇದು ಬೇಕಂತ ಮಾಡಿದ ತಪ್ಪೋ, ಬರಲಾರದ ತಪ್ಪೋ?"

"ಅದ ಇವತ್ತಿನ ಪ್ರಶ್ನೆ. ಉತ್ತರ ಮನ್ಯಾಗ ಬರಕೊಂಡು ಬರ್ರಿ" ಅಂದು ಹೊರಗೆ ಬಂದೆ.

ಆಮೇಲೆ ಪುಸ್ತಕ ನೋಡಿ ಕಲಿತೆ. ಓದಲು ಹೋಗುವವರಿಗೆ ಸಾಲಿಗೆ ಟೋಪಿ ಬೇಡವಂತೆ. ಬೇರೆ ಕೆಲಸಕ್ಕೆ ಬಂದವರು ಮಾತ್ರ ‘ದಿ ಸ್ಕೂಲ್’ ಅನ್ನಬೇಕಂತೆ. ನೀನಿದ್ದರೆ ಇದನ್ನು ಹೇಗೆ ಹೇಳುತ್ತಿದ್ದಿ? ಮನೆಯವರ ಮುಂದೆ ಬರೇ ತಲೆ ನಡೆಯುತ್ತದೆ, ಪರರ ಮುಂದೆ ರುಮಾಲು ಅನ್ನುತ್ತಿದ್ದಿಯೋ ಏನೋ…

ಸಂಕ್ರಾಂತಿ ಆದ ವಾರ ನಿನ್ನ ಗಿರಿಜಮ್ಮ ಸಾಲಿಗೆ ಬಂದಳು. ಬೇರೆ ಕೆಲಸಕ್ಕೆ ಬಂದವರ ಹಾಗೆ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಳು. ಸಾಲಿಯ ಪ್ರತಿ ಹಬ್ಬಕ್ಕೂ ಬುತ್ತಿ ಕಟ್ಟಿಕೊಂಡು ಬರುತ್ತಿದ್ದವಳು ಅವಳು, ಈಗ ಒಳಗೆ ಬರಲೋ ಬೇಡವೋ ಅಂತ…

"ಅಣ್ಣಾರ, ಸಹನಾಂದು ಟಿ.ಸಿ. ಕೊಡಸ್ರಿ."

"ಪರೀಕ್ಷಿ ಹತ್ರ ಬಂತಲ್ಲವ್ವ."

"ನಾನೂ ಅದನ್ನ ಹೇಳಿದೆ. ಬರದು ಹೋಗ್ತೀನಿ, ಆದ್ರ ಹೋಗ್ತೀನಿ ಅಂತಾಳ. ಅವರಪ್ಪನ ಹಟ ನಿಮಗ ಗೊತ್ತದಲ್ಲ, ನಾ ಏನು ಹೇಳ್ಲಿ."

ಗೊತ್ತಿದೆ. ಹೊಳೆಗೆ ಇರುವಂಥ ಹಟ. ಅರ್ಜಿ ಈಗ ಹೆಡ್ ಮಾಸ್ತರ ಟೇಬಲ್ಲಿನ ಮೇಲಿದೆ. ಪರೀಕ್ಷೆ ಆಗಲಿ, ನೋಡೋಣ ಅಂದಿದ್ದಾರೆ. ನನ್ನ ಕೈಯಲ್ಲಿ ಏನಿದೆ? ನಾನೇನು ಅವಳಿಗೆ ಅಪ್ಪನೇ, ಅಣ್ಣನೇ? ಗೇಟಿನ ಹೊರಗೆ ಕಾಕಾ, ಅಷ್ಟೇ.

ಮೊನ್ನೆ ಸಂಜೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಬಸ್ಸಿಗೆ ನಿಂತಿದ್ದೆವು. ಈಗ ನಮ್ಮ ಸೀಟಿನ ನಡುವಿನ ಜಾಗದಲ್ಲಿ ದಿನಕ್ಕೊಬ್ಬ ಗುರುತಿಲ್ಲದವ ಬಂದು ಕೂಡುತ್ತಾನೆ, ಅವನ ಮೊಳಕೈ ಇಬ್ಬರಿಗೂ ತಾಗುತ್ತದೆ. ಅದಕ್ಕೇ ಇಬ್ಬರಿಗೂ ಬಸ್ಸು ಬೇಗ ಬರಲಿ ಅಂತ ಅವಸರವಿಲ್ಲ. ಅವಳೇ ಮಾತು ತೆಗೆದಳು.

"ಕಾಕಾ, ನೀವು ತಪ್ಪು ಬರಿಯೋದು ಬಿಡ್ರಿ."

"ಯಾಕವ್ವ?"

"ಅಪ್ಪಾಜಿ ಬರದ್ರ ಒಂದ ಬರೀತಿದ್ರು. ನೀವು ಬೋರ್ಡು ತುಂಬ ಬರೀತೀರಿ. ನಾ ಯಾವುದು ಅಂತ ಹಿಡೀಲಿ?"

ನಗು ಬಂತು. ಅವಳಿಗೂ ಬಂತು, ಬಂದದ್ದು ಅರ್ಧಕ್ಕೆ ನಿಂತಿತು. ಆಮೇಲೆ ನೆಲ ನೋಡುತ್ತ ಹೇಳಿದಳು. ಎಂಟನೇ ತರಗತಿಯಲ್ಲಿ ಒಂದು ದಿನ ಅವಳಿಗೆ ಜ್ವರ ಬಂದಿತ್ತಂತೆ. ನೀನು ಬೋರ್ಡಿನ ಮೇಲೆ ಬರೆಯುತ್ತಿದ್ದಿ. ತಲೆ ಸುತ್ತಿದ ಹಾಗಾಗಿ, ಎಲ್ಲಿದ್ದೇನೆ ಅನ್ನುವುದೂ ಮರೆತು, "ಅಪ್ಪಾಜಿ" ಅಂದುಬಿಟ್ಟಳಂತೆ. ಕ್ಲಾಸು ನಕ್ಕಿತು. ನೀನು ಹೊಳ್ಳಿ ನೋಡಲಿಲ್ಲ. ಬರೆಯುತ್ತಲೇ ಇದ್ದಿ. ಅವಳು ಎದ್ದು ನಿಂತು "ಸರ್" ಅಂದ ಮೇಲೆ ಹೊಳ್ಳಿ, "ಏನು ಬೇಕವ್ವ?" ಅಂದಿ. ಮನೆಗೆ ಹೋದ ಮೇಲೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಪಕ್ಕದಲ್ಲೇ ಕುಂತಿದ್ದಿಯಂತೆ. ಆ ಮಾತು ಮಾತ್ರ ಇಬ್ಬರೂ ತೆಗೆಯಲಿಲ್ಲ.

"ಆ ಖೋಲ್ಯಾಗ ಕುಂತ್ರ ನನಗ ಅದ ನೆನಪಾಗ್ತೈತಿ ಕಾಕಾ. ಅಲ್ಲಿ ಎಲ್ಲಾರಿಗೂ ಅವರು ನಮ್ಮ ಸರ್. ನಾ ಒಂದ ಸಲ ಅಪ್ಪಾಜಿ ಅಂದೆ, ಅದೂ…" ವೇಲಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಆವತ್ತು ಅವರಿಗೆ ಕೇಳಿಸಿತ್ತೇನು? ನಿಮ್ಮ ಮುಂದ ಏನರ ಹೇಳಿದ್ರೇನು?"

ಏನು ಹೇಳಲಿ, ಅಮರೇಶಾ? ಕೇಳಿಸಿತ್ತವ್ವ, ಬಸ್ಸಿನಲ್ಲಿ ನನ್ನ ಮುಂದೆ ಹೇಳಿಕೊಂಡು ಸಂಕಟಪಟ್ಟ ಅನ್ನುವ ಸುಳ್ಳು ನಾಲಿಗೆಯ ತುದಿಯ ತನಕ ಬಂತು. ಹೇಳಿದ್ದರೆ ಆ ಅರ್ಜಿ ಆವತ್ತೇ ವಾಪಸ್ ಬರುತ್ತಿತ್ತೋ ಏನೋ. ಆದರೆ ನೀನು ಹೇಳಿರಲಿಲ್ಲ. ನಿಮ್ಮೂರ ಕುರಿಯಿಂದ ಹಿಡಿದು ನನ್ನ ಗಿಡ್ಡ ಪ್ಯಾಂಟಿನ ತನಕ ಎಲ್ಲ ಮಾತಾಡಿದವನು ಇದೊಂದನ್ನು ಹೇಳಲಿಲ್ಲ. ಕೇಳಿಸಿದ್ದನ್ನು ನುಂಗಿಕೊಂಡಿಯೋ, ಕೇಳಿಸಲೇ ಇಲ್ಲವೋ? "ಗೊತ್ತಿಲ್ಲವ್ವ" ಅಂದೆ. ಅವಳು ತಲೆ ಆಡಿಸಿದಳು. ಖರೆ ಹೇಳಿದೆ ಅಂತ ಒಪ್ಪಿಕೊಂಡಳೋ, ಇವನಿಂದ ಆಗುವುದು ಇಷ್ಟೇ ಅಂತ ಬಿಟ್ಟಳೋ, ಅದೂ ನನಗೆ ಗೊತ್ತಿಲ್ಲ.

ಬಸ್ಸು ದೂರದಲ್ಲಿ ಕಂಡಾಗ ಅವಳು ಇನ್ನೊಂದು ಕೇಳಿದಳು. "ಯಾರೂ ಇಲ್ಲದಾಗ ಒಂದೀಟು ಆ ಖೋಲ್ಯಾಗ ಹೋಗ್ಲಾ ಕಾಕಾ?"

ನಿನ್ನೆ ಶನಿವಾರ, ಬೆಳಗಿನ ಸಾಲಿ. ಮಕ್ಕಳೆಲ್ಲ ಹೋದ ಮೇಲೆ ಜವಾನ ಹುಸೇನಪ್ಪ ಬಾಗಿಲಿಗೆ ಬೀಗ ಹಾಕಲು ಬಂದ. "ತಡಿಯಪ, ಒಳಗ ಹುಡುಗಿ ಏನೋ ಮರತಾಳ" ಅಂದೆ. ಅವನು ನನ್ನ ಮುಖ ನೋಡಿ, ಕೀಲಿ ನನ್ನ ಕೈಗೆ ಕೊಟ್ಟು ನೀರಿನ ಟಾಕಿಯ ಕಡೆ ಹೋದ. ಸಹನಾ ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ನಿಂತೆ. ಒಳಗೆ ಬೆಂಚು ಸರಿದ ಸದ್ದಾಯಿತು. ಆಮೇಲೆ ಸಣ್ಣದಾಗಿ, ಪಕ್ಕದಲ್ಲಿ ಕುಂತವರನ್ನು ಕರೆಯುವ ಹಾಗೆ, "ಅಪ್ಪಾಜಿ."

ಆಮೇಲೆ ಕರೆದಳು ನೋಡು! ಹೊಲದ ಈ ಬದುವಿನಿಂದ ಆ ಬದುವಿಗೆ ಕರೆಯುವ ಹಾಗೆ, ಹೊಟ್ಟೆಯೊಳಗಿನಿಂದ, "ಅಪ್ಪಾಜೀ…!" ತಗಡಿನ ಮೇಲಿದ್ದ ಪಾರಿವಾಳ ಎಲ್ಲ ಎದ್ದು ಹಾರಿದವು. ಟಾಕಿಯ ಹತ್ತಿರ ಹುಸೇನಪ್ಪ ನಲ್ಲಿ ತಿರುವುವುದನ್ನು ನಿಲ್ಲಿಸಿದ. ನನ್ನ ಗಂಟಲಿನ ತನಕ ‘ಓ’ ಬಂತು. ಒಂದು ಓ ಅಂದುಬಿಟ್ಟರೆ ಹುಡುಗಿಗೆ ಎಷ್ಟು ಸಮಾಧಾನ ಆದೀತು ಅನ್ನಿಸಿತು. ಹಲ್ಲು ಕಚ್ಚಿ ಹಿಡಿದುಕೊಂಡೆ. ನನ್ನ ಪದ್ಯ ನೀನು ತಗೊಂಡಿ, ಸರಿ. ನಿನ್ನ ಪಿರಿಯಡ್ಡು ನಾನು ತಗೊಂಡೆ, ಅದೂ ಸರಿ. ಇದನ್ನು ಹೇಗೆ ತಗೊಳ್ಳಲಿ?

ಹೊರಗೆ ಬಂದಾಗ ಅವಳ ಮುಖ ತೊಯ್ದಿತ್ತು. ಕೈಗೆ ಸುಣ್ಣದ ಪುಡಿ ಹತ್ತಿತ್ತು. "ಬೋರ್ಡಿನ್ಯಾಗ ನಿಮ್ಮ ಒಂದು ತಪ್ಪು ತಿದ್ದೀನ್ರಿ ಸರ್. ಉಳಿದಿದ್ದು ನೀವ ತಿದ್ದಕೊಳ್ರಿ" ಅಂದಳು. ಗೇಟಿನ ಒಳಗಿದ್ದೆವಲ್ಲ, ಅದಕ್ಕೇ ಸರ್. ಯಾವುದನ್ನು ತಿದ್ದಿದಳು ಅಂತ ಒಳಗೆ ಹೋಗಿ ನೋಡಲಿಲ್ಲ. ನೋಡಿದ್ದರೂ ನನಗೇನು ತಿಳಿಯುತ್ತಿತ್ತು ಬಿಡು. ಬಸ್ಸಿನಲ್ಲಿ ಕಿಟಕಿಗೆ ತಲೆ ಹಚ್ಚಿ ಸಿಂಧನೂರಿನ ತನಕ ಮಲಗಿದಳು. ಗುರುಗುಂಟಾಕ್ಕೆ ಹೋಗುತ್ತಾಳೋ, ಇಲ್ಲೇ ಇರುತ್ತಾಳೋ, ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಪರೀಕ್ಷೆ ಮುಗಿಯುವ ತನಕ ಶನಿವಾರದ ಕೀಲಿ ನನ್ನ ಹತ್ತಿರ ಇರಲಿ ಅಂತ ಹುಸೇನಪ್ಪನಿಗೆ ಹೇಳಿದ್ದೇನೆ. ಅವಳು ಬಂದರೆ ಬಾಗಿಲು ತೆಗೆಯುತ್ತೇನೆ, ಬೆನ್ನು ಮಾಡಿ ನಿಲ್ಲುತ್ತೇನೆ. ಇಷ್ಟು ಮಾತ್ರ ನನ್ನಿಂದ ಆಗುವುದು. ನೀನೇ ಹೇಳಿದ್ದಿ, ಕರೆದರೆ ಸಾಕು, ಓ ಅಂತಾರೆ ಅಂತ. ಮಗಳು ಕರೆದಿದ್ದಾಳೆ, ಅಮರೇಶಾ. ಹಿಂದೆ ಕೇಳಿಸಿತ್ತೋ ಇಲ್ಲವೋ, ನಿನ್ನೆಯದು ಇಡೀ ಸಾಲಿಗೆ ಕೇಳಿಸಿದೆ. ಆ ಓ ನಿನ್ನದು. ನಾನು ಅನ್ನಲಿಲ್ಲ.

ಪಕ್ಕದ ಖೋಲಿಯ
ಅಜ್ಞಾತ ಕವಿ